ಗೋಡೆಗೆ ಮುಖ ಮಾಡಿದ ಚಿತ್ರ

ಕಾಮಾಕ್ಷಿಪಾಳ್ಯದಲ್ಲಿ ನಾವು ಆರೇಳು ಕಲಾವಿದರು ಸೇರಿ ಬಾಡಿಗೆಗೆ ಹಿಡಿದಿದ್ದ ಸ್ಟುಡಿಯೋ ಒಂದು ವರ್ಕ್‌ಶಾಪಿನ ಮೇಲಿತ್ತು. ಕೆಳಗೆ ಕಬ್ಬಿಣ ಉಜ್ಜುವ ಮೆಷಿನ್ ಶುರುವಾದರೆ ಮೇಲೆ ನಮ್ಮ ನೆಲ ಸಣ್ಣಗೆ ನಡುಗುತ್ತಿತ್ತು. ಹೊಸಬರು ದೂರಿದರೆ, ಈ ನಡುಕ ಇಲ್ಲದ ಕಡೆ ನನಗೆ ಗೆರೆಯೇ ನೆಟ್ಟಗೆ ಬರುವುದಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಸಾಮಾನೆಲ್ಲ ಹಂಚಿಕೊಂಡು ಬಳಸುತ್ತಿದ್ದೆವು, ಹಾಗಾಗಿ ಜಗಳಕ್ಕೆ ಬರವಿರಲಿಲ್ಲ. ಎಲ್ಲರಿಗಿಂತ ಹಳಬಳಾದ ನಾನು ಒಂದು ನಿಯಮ ಮಾಡಿದ್ದೆ. ಕೈಬಿಟ್ಟ ಚಿತ್ರವನ್ನು ಹಿಂದಿನ ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕು. ಬೇಕಾದವರು ಅದನ್ನು ತೆಗೆದುಕೊಂಡು, ಮೇಲೆ ಬಿಳಿ ಬಳಿದು, ತಮ್ಮ ಚಿತ್ರ ಬರೆದುಕೊಳ್ಳಬಹುದು. ಯಾಕೆ ಬಿಟ್ಟೆ ಎಂದು ಮಾತ್ರ ಯಾರೂ ಕೇಳಬಾರದು. ಕೈಬಿಟ್ಟವರಿಗೆ ಮೊದಲೇ ಸಂಕಟ, ಅದರ ಮೇಲೆ ಪಂಚಾಯಿತಿ ಬೇರೆ ಯಾಕೆ?

ಆ ಚಳಿಗಾಲ ನಾನು ಅಮ್ಮನ ಚಿತ್ರ ಬರೆಯುತ್ತಿದ್ದೆ. ವಿಜಯನಗರದ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆಯುತ್ತಿರುವ ಅಮ್ಮ. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಸ್ಟುಡಿಯೋಗೆ ಬಂದಿರಲಿಲ್ಲ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಂದು ಬರೀ ಕೈ ಕೆಸರು ಕಣೇ," ಎನ್ನುತ್ತಿದ್ದಳು. ಬಂದು ನನ್ನೆದುರು ಕೂರು, ನೋಡಿ ಬರೆಯುತ್ತೇನೆ ಎಂದರೆ, "ಕೈ ಕಟ್ಕೊಂಡು ಕೂರೋಕೆ ನನ್ಗೆ ಬರಲ್ಲ." ಹಾಗಾಗಿ ಕದ್ದು ತೆಗೆದ ಒಂದು ಫೋಟೊ ನೋಡಿಕೊಂಡು ಬರೆಯುತ್ತಿದ್ದೆ. ವರ್ಷಕ್ಕೊಂದು ಭಾನುವಾರ ನಾವು ಸುತ್ತಮುತ್ತಲಿನವರಿಗೆಲ್ಲ ಸ್ಟುಡಿಯೋ ತೆರೆದಿಡುತ್ತಿದ್ದೆವು. ಆ ಸಲ ಹೇಗೋ ಅಮ್ಮ ಬರಲು ಒಪ್ಪಿದ್ದಳು. ಅವಳು ಬಂದು ತನ್ನನ್ನು ನೋಡಿಕೊಳ್ಳಬೇಕು, ಮಗಳದೂ ಒಂದು ಕೆಲಸವೇ ಎಂದು ಒಪ್ಪಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಆ ಭಾನುವಾರಕ್ಕೆ ಒಂದು ವಾರವಿರುವಾಗ ವರ್ಕ್‌ಶಾಪಿನವರು ನೆಲದ ಕಾಂಕ್ರೀಟು ಒಡೆಸತೊಡಗಿದರು. ಧೂಳು ಮೇಲಕ್ಕೇರಿ ಬಂತು. ಮನೆಗೆ ಹೊರಡುವ ಅವಸರದಲ್ಲಿ, ಧೂಳು ಕೂರದಿರಲಿ ಎಂದು ಚಿತ್ರವನ್ನು ಗೋಡೆಗೆ ತಿರುಗಿಸಿಟ್ಟು ಬಂದೆ. ಸೋಮವಾರ ಹೋಗಿ ನೋಡಿದರೆ ಅಮ್ಮ ಕಿಟಕಿಯ ಪಕ್ಕ ಬೆಳ್ಳಗೆ ಒಣಗುತ್ತಿದ್ದಳು.

ಬಿಳಿ ಬಳಿದವನು ನಾಗರಬಾವಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನಮ್ಮ ಜೊತೆಯ ಚಿತ್ರಕಾರ. ಎಷ್ಟೋ ಸಲ ಅಮ್ಮನ ಮನೆಯಲ್ಲಿ ಊಟ ಮಾಡಿದವನು.

"ಗೋಡೆಗೆ ಮುಖ ಮಾಡಿತ್ತಲ್ಲ ಅಕ್ಕ," ಎಂದ.

"ಯಾರ ಚಿತ್ರ ಅಂತ ನೋಡಿದ್ಮೇಲೂ ಬಳಿದ್ಯಾ?"

"ಯಾಕೆ ಅಂತ ಕೇಳ್ಬಾರ್ದು ಅಂದಿದ್ದು ನೀವೇ ಅಲ್ವಾ? ಮುಖ ಚೆನ್ನಾಗಿತ್ತು. ಕೈ ಸರಿ ಬಂದಿರ್ಲಿಲ್ಲ. ಅದಕ್ಕೇ ಬಿಟ್ರೇನೋ ಅಂದ್ಕೊಂಡೆ."

ಮೈ ಉರಿದುಹೋಯಿತು. ಬಳಿದದ್ದಕ್ಕಿಂತ ಕೈ ಸರಿಯಿಲ್ಲ ಎಂದದ್ದಕ್ಕೆ ಹೆಚ್ಚು ಉರಿಯಿತು, ಏಕೆಂದರೆ ಅದು ನಿಜ. ಬೈಯೋಣವೆಂದರೆ ನಿಯಮ ನನ್ನದೇ. "ಬಿಡು, ಇನ್ನೊಂದ್ಸಲ ಬರೀತೀನಿ," ಎಂದೆ. ಬರೆಯಬಲ್ಲೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಭಾನುವಾರದೊಳಗೆ ಆದೀತೇ ಎಂಬ ಯೋಚನೆ ಮಾತ್ರ ಇತ್ತು.

ಅವನು ಸ್ಕೂಟರ್ ತೆಗೆದುಕೊಂಡು ಹೋದ. ಮಧ್ಯಾಹ್ನ ಮೆಟ್ಟಿಲಲ್ಲಿ ಅಮ್ಮನ ದನಿ ಕೇಳಿತು. ಅವಳ ಕಂಕುಳಲ್ಲಿ ಮೊರ, ಹಿಂದೆ ಅವನ ಕೈಯಲ್ಲಿ ನೆನೆದ ಅವರೆಕಾಳಿನ ಪಾತ್ರೆ.

"ನಿಮ್ಮನ್ನ ಅಳಿಸ್ಬಿಟ್ಟೆ ಅಮ್ಮ ಅಂತ ಬಾಗ್ಲಲ್ಲಿ ನಿಂತಿದ್ದ ಕಣೇ, ಮುಖ ಸಣ್ಣ ಮಾಡ್ಕೊಂಡು," ಎಂದಳು. "ಕಾಳು ನೆನೆದಿದೆ, ಬರಕ್ಕಾಗಲ್ಲ ಅಂದೆ. ಕಾಳೂ ತಗೊಂಡ್ ಬನ್ನಿ ಅಂದ."

ಕಿಟಕಿಯ ಬಳಿ ಚಾಪೆ ಹಾಕಿಸಿಕೊಂಡು ಕೂತಳು. ಫೋಟೊದಲ್ಲಿ ಆ ಕೈ ನಿಂತುಬಿಟ್ಟಿತ್ತು, ಇಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. ಹೆಬ್ಬೆರಳು ತೋರುಬೆರಳು ಸೇರಿದರೆ ಸಾಕು, ಕಾಳು ಪುಸಕ್ಕನೆ ಇನ್ನೊಂದು ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕಿರುಬೆರಳೊಂದು ಕೆಲಸವಿಲ್ಲದ ದೊಡ್ಡಮನುಷ್ಯನ ಹಾಗೆ ಸುಮ್ಮನೆ ಎದ್ದು ನಿಂತಿರುತ್ತಿತ್ತು. ಹುಟ್ಟಿದಾಗಿನಿಂದ ಆ ಕೈಯ ಅಡುಗೆ ಉಂಡವಳು ಆ ಬೆರಳನ್ನು ನೋಡಿಯೇ ಇರಲಿಲ್ಲ. ಮೊದಲು ಅದನ್ನೇ ಬರೆದೆ.

ವಾರವಿಡೀ ಬಂದಳು. ತೊಳೆಯದ ಕುಂಚ ಕಂಡರೆ ಯಾರದೆಂದು ಕೇಳಿ ತೊಳೆಸಿದಳು. ನನ್ನ ಯಾವ ನಿಯಮಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಸುಮ್ಮನೆ ಕೂತವರ ಮುಂದೆ ಒಂದು ಬೊಗಸೆ ಕಾಳು ಸುರಿದಳು. ಬಿಳಿ ಬಳಿದವನಿಗಂತೂ ದಿನವೂ ದೊಡ್ಡ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು.

ಭಾನುವಾರ ಜನ ಚೆನ್ನಾಗಿ ಸೇರಿದ್ದರು. ವರ್ಕ್‌ಶಾಪಿನವರೂ ಕೈ ತೊಳೆದುಕೊಂಡು ಮೇಲೆ ಬಂದು ಆ ಚಿತ್ರದ ಮುಂದೆ ನಿಂತರು. ಅಷ್ಟು ಒಳ್ಳೆಯ ಕೈಗಳನ್ನು ನಾನು ಹಿಂದೆ ಬರೆದಿರಲಿಲ್ಲ, ಅದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಅಮ್ಮ ರೇಷ್ಮೆ ಸೀರೆಯುಟ್ಟು ಬಂದು, ದೂರದಿಂದ ಒಮ್ಮೆ, ಹತ್ತಿರ ಹೋಗಿ ಒಮ್ಮೆ ನೋಡಿದಳು. "ಅವತ್ತೂ ಒಳ್ಳೇ ಸೀರೆ ಉಡ್ಬೇಕಿತ್ತು," ಎಂದಳು, ಅಷ್ಟೇ. ನಾನು ಕಾದಿದ್ದ ಮಾತು ಬರಲಿಲ್ಲ. ಮನಸ್ಸು ಪೆಚ್ಚಾಯಿತು.

ಮರುದಿನ ಬೆಳಿಗ್ಗೆ ಅವಳ ಫೋನ್ ಬಂತು.

"ಕಾಳು ನೆನೆದಿದೆ. ಇವತ್ತು ಕೆಲ್ಸಕ್ಕೆ ಎಷ್ಟೊತ್ತಿಗೆ ಹೊರಡೋಣ?"

ಕೆಲಸ ಎಂದಿದ್ದಳು. ಚಿತ್ರ ಮುಗಿದು, ಮೂಲೆಯಲ್ಲಿ ನನ್ನ ಸಹಿಯೂ ಆಗಿತ್ತು.

"ಹತ್ತಕ್ಕೆ ರೆಡಿಯಾಗಿರಮ್ಮ," ಎಂದೆ. "ಕೈ ಇನ್ನೂ ಸ್ವಲ್ಪ ಬಾಕಿ ಇದೆ."