ಬೀಗಿತ್ತಿಯರಿಬ್ಬರು ಸಿನಿಮಾಕ್ಕೆ ಹೋಗಿದ್ದು

ಅವನು ಥಿಯೇಟರಿನ ಗೇಟಲ್ಲಿ ಟಿಕೆಟ್ ಹರಿಯೋನು. ಅರ್ಧ ಹರಿದಿಟ್ಟುಕೊಂಡು ಅರ್ಧ ವಾಪಸ್ ಕೊಡ್ತಾನೆ. ಅದಕ್ಕೆ ಬೀದಿಯವರೆಲ್ಲ ಅವನನ್ನ ಅರ್ಧ ಅಂತಲೇ ಕರೀತಾರೆ. ಮಾತೂ ಅರ್ಧವೇ. ಕೇಳಿದ್ದಕ್ಕೆ ಹೂಂ, ಇಲ್ಲಾಂದ್ರೆ ಊಹೂಂ.

ಅವನದೊಂದು ಧರ್ಮ, ಹೆಂಡತೀದು ಇನ್ನೊಂದು. ಮದುವೆ ಹೊತ್ತಲ್ಲಿ ಎರಡೂ ಕಡೆಯವರು ಮುಖ ಊದಿಸಿಕೊಂಡಿದ್ರು. ಆಮೇಲೆ ಅವನ ಅಮ್ಮನೂ ಬಂದ್ಲು, ಅತ್ತೆಯೂ ಬಂದ್ಲು. ಖಾಲಿ ಇದ್ದದ್ದು ಒಂದೇ ರೂಮು. ಹೆಂಡತಿ ನಡುವೆ ಪರದೆ ಕಟ್ಟಿದ್ಲು. ಈಚೆ ಅಮ್ಮ ದೀಪ ಹಚ್ಚಿ ಗಂಟೆ ಆಡಿಸ್ತಾಳೆ. ಆಚೆ ಅತ್ತೆ ಮಂಡಿಯೂರಿ ಮಣಿ ಎಣಿಸ್ತಾಳೆ. ಗಂಟೆ ಜೋರಾದ್ರೆ ಅತ್ತೆ ಕೆಮ್ತಾಳೆ. ಕೆಮ್ಮು ಜೋರಾದ್ರೆ ಅಮ್ಮ ಇನ್ನೊಂದು ಸುತ್ತು ಗಂಟೆ ಆಡಿಸ್ತಾಳೆ.

ಹೀಗಿರೋವಾಗ ಥಿಯೇಟರಿಗೆ ಒಂದು ಸಿನಿಮಾ ಬರುತ್ತೆ, ಅದರಲ್ಲಿ ದೇವರನ್ನ ಗೇಲಿ ಮಾಡಿದಾರಂತೆ ಅಂತ ಗುಲ್ಲೆದ್ದಿತು. ಯಾರ ದೇವರನ್ನ? ಅದು ಯಾರಿಗೂ ಗೊತ್ತಿಲ್ಲ. ಅಮ್ಮ ನಮ್ಮದು ಅಂದ್ಲು, ಅತ್ತೆ ನಮ್ಮದು ಅಂದ್ಲು. ಅವಮಾನದಲ್ಲೂ ಇಬ್ಬರೂ ಪಾಲು ಬಿಟ್ಟುಕೊಡಲಿಲ್ಲ. ನನ್ನ ದೇವರನ್ನ ಬೈದಿರೋ ಸಿನಿಮಾಕ್ಕೆ ಅಳಿಯ ಟಿಕೆಟ್ ಹರಿದ್ರೆ ನಾನು ಮಗನ ಮನೆಗೆ ಹೊರಟೆ ಅಂದ್ಲು ಅತ್ತೆ. ಅಮ್ಮ ಬಿಡ್ತಾಳಾ? ನನ್ನ ದೇವರನ್ನ ಬೈದಿದ್ರೆ ನಾನು ತಂಗಿ ಮನೆಗೆ ಹೊರಟೆ ಅಂದ್ಲು.

ಹೆಂಡತಿ ಅವನನ್ನ ಅಡುಗೆಮನೆಗೆ ಎಳಕೊಂಡು ಹೋದ್ಲು. ಇಬ್ಬರಲ್ಲಿ ಯಾರು ಹೊಸಿಲು ದಾಟಿದ್ರೂ ನಿಮ್ಮ ಜೊತೆ ಮಾತು ಬಿಡ್ತೀನಿ ಅಂದ್ಲು. "ಆಮೇಲೆ ಈ ಮನೇಲಿ ಮಾತಾಡೋರೇ ಇರಲ್ಲ, ನೋಡಿ."

ಸಿನಿಮಾ ಬಂದ ದಿನ ಅವನು ಎಂದಿನಂಗೆ ಗೇಟಲ್ಲಿ ನಿಂತು ಟಿಕೆಟ್ ಹರಿದ. ಗೇಟಿನವನ ಮುಖ ಯಾವಾಗಲೂ ಬೀದಿಗೆ, ಬೆನ್ನು ಸಿನಿಮಾಕ್ಕೆ. ಮೊದಲನೇ ದಿನ ಮನೆಗೆ ಬಂದ್ರೆ ಇಬ್ಬರೂ ಬಾಗಿಲಲ್ಲೇ ಹಿಡಿದು ಯಾರನ್ನ ಬೈದಿದಾರೆ ಅಂತ ಕೇಳಿದ್ರು. ಗೊತ್ತಿಲ್ಲ ಅಂದ. ಬೇಕಂತಲೇ ಮುಚ್ಚಿಡ್ತಿದಾನೆ ಅಂತ ಇಬ್ಬರೂ ಒಪ್ಪಿಕೊಂಡ್ರು. ಅವರು ಒಪ್ಪಿದ್ದು ಅದೊಂದೇ.

ಮಾರನೇ ದಿನ ಮಧ್ಯಾಹ್ನದ ಆಟಕ್ಕೆ ತಾವೇ ಬಂದ್ರು, ನಡುವೆ ಒಂದಾಳು ನಡೆಯೋಷ್ಟು ಜಾಗ ಬಿಟ್ಟುಕೊಂಡು. ಹಿಂದೆಯೇ ಭಾಮೈದನ ಸ್ಕೂಟರು. "ಅಮ್ಮ ಫೋನ್ ಮಾಡಿದ್ರು ಭಾವ. ಅವಮಾನ ಆಗಿದ್ರೆ ಹಂಗೇ ಕರ್ಕೊಂಡು ಹೋಗೋಣ ಅಂತ."

ಇಂಟರ್ವಲ್ ಬಿಟ್ಟಿತು. ಬಾಗಿಲು ಧಡಾರಂತ ತೆಗೀತು. ಮೊದಲು ಅಮ್ಮ.

"ಎಲ್ಲೋ ನಿಮ್ಮ ಮ್ಯಾನೇಜರು?"

"ನಮ್ಮ ದೇವರನ್ನ ಬೈದ್ರಾಮ್ಮ?"

"ನಮ್ಮದಲ್ಲ ಕಣೋ, ಬೀಗಿತ್ತೀದು. ಆ ನಟನಿಗೆ ಮಂಡಿಯೂರೋಕೇ ಬರಲ್ಲ. ಧೊಪ್ಪಂತ ಬೀಳ್ತಾನೆ, ಜನ ನಗ್ತಾರೆ. ಅವರು ಮಂಡಿ ನೋವಿಟ್ಕೊಂಡೂ ಎಷ್ಟು ಮೆಲ್ಲಗೆ ಊರ್ತಾರೆ, ನಾನು ದಿನಾ ನೋಡಲ್ವಾ?"

ಪರದೆ ಇದ್ದೂ ಹೆಂಗೆ ನೋಡ್ತಾಳೆ ಅಂತ ಅವನು ಕೇಳಲಿಲ್ಲ. ಅಷ್ಟರಲ್ಲಿ ಅತ್ತೆ ಬಂದ್ಲು.

"ಅದು ಹಾಳಾಗಲಿ ಅಳಿಯಂದ್ರೆ. ದೀಪಾನ ಉಫ್ ಅಂತ ಊದಿ ಆರಿಸ್ತಾನೆ. ನಿಮ್ಮಮ್ಮ ಯಾವತ್ತಾದ್ರೂ ಊದಿದಾರಾ? ಗಂಟೆನಾ ಸೌಟು ಹಿಡಿದಂಗೆ ಹಿಡೀತಾನೆ, ಮುಟ್ಠಾಳ."

ಇಬ್ಬರೂ ಕೈ ಕೈ ಹಿಡ್ಕೊಂಡು ಮ್ಯಾನೇಜರ್ ರೂಮಿಗೆ ನುಗ್ಗಿದ್ರು. ಭಾಮೈದ ಓಡಿ ಬಂದ.

"ಏನು ಭಾವ, ನಮ್ಮಮ್ಮನಿಗೆ ಅವಮಾನ ಆಯ್ತಾ?"

"ಆಯ್ತು. ಅದಕ್ಕೇ ನಮ್ಮಮ್ಮ ಜಗಳಕ್ಕೆ ಹೋಗಿದಾಳೆ."

ಭಾಮೈದ ತಲೆ ಕೆರ್ಕೊಂಡ. ಈಗ ಅಮ್ಮನ್ನ ಕರ್ಕೊಂಡು ಹೋಗಬೇಕೋ ಬೇಡವೋ ತಿಳೀಲಿಲ್ಲ. ಸ್ಕೂಟರ್ ತಿರುಗಿಸಿಕೊಂಡು ಕೆಲಸಕ್ಕೆ ಹೋದ.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಕತ್ತು ಒರೆಸಿಕೊಳ್ತಾ ಈಚೆ ಬಂದ. ರೂಮಲ್ಲಿದ್ದ ಎರಡೂ ಕುರ್ಚಿ ಹೆಂಗಸರ ಪಾಲಾಗಿತ್ತು. ಅವನ ಕೈಗೆ ಪೇಪರ್‌ವೇಟ್ ಕೊಟ್ಟು ಗಂಟೆ ಆಡಿಸೋದು ಕಲಿಸಿದ್ರಂತೆ. ನೆಲದ ಮೇಲೆ ಮಂಡಿನೂ ಊರಿಸಿದ್ರಂತೆ.

"ಯಾರಯ್ಯ ಇವರು? ಯಾವ ಕಡೆಯವರು?"

"ಇಬ್ರೂ ನಮ್ಮನೆಯವರೇ ಸಾರ್."

"ಮನೆಗೆ ಕರ್ಕೊಂಡು ಹೋಗಪ್ಪ, ಪುಣ್ಯಾತ್ಮ."

ಕರೆಯೋಕೆ ಹೋದ. ಅವರು ಬರಲಿಲ್ಲ. ಆ ಮುಟ್ಠಾಳ ನಟ ಇನ್ನೂ ಏನೇನು ಎಡವಟ್ಟು ಮಾಡ್ತಾನೋ ನೋಡೋರು ಬೇಡವಾ ಅಂತ ಒಳಗೆ ಹೋಗಿ ಕೂತ್ರು. ಅಷ್ಟೊತ್ತಿಗೆ ಹೆಂಡತಿ ಫೋನ್ ಬಂತು. ಯಾರು ಹೊರಟ್ರು ಅಂತ ಕೇಳಿದ್ಲು.

"ಯಾರೂ ಇಲ್ಲ. ಇಬ್ರೂ ಇದಾರೆ."

"ಎಲ್ಲಿ?"

"ಸೆಕೆಂಡ್ ಹಾಫಲ್ಲಿ," ಅಂದ.