ಜೂನ್ ಕೇಳಿದವಳಿಗೆ ಸೆಪ್ಟೆಂಬರ್

ಹಡಗು ಹತ್ತಿ ಅಲಾಸ್ಕಾ ನೋಡಿ ಬರಬೇಕು ಅನ್ನುವವರು ಈಗೀಗ ನಮ್ಮ ಮಧುಗಿರಿಯಲ್ಲೂ ಸಿಗುತ್ತಾರೆ. ಅಂಥವರೆಲ್ಲ ವಿಚಾರಿಸಿಕೊಂಡು ನನ್ನ ಹುಣಸೆಹಣ್ಣಿನ ಮಂಡಿಗೆ ಬರುತ್ತಾರೆ, ಈ ಕಡೆಯಿಂದ ಮೊದಲು ಹೋಗಿಬಂದವನು ನಾನೇ ಅನ್ನುವುದು ಊರಿಗೆಲ್ಲ ಗೊತ್ತು. ಮೂಟೆಗಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳುವ ಪ್ರಶ್ನೆ ಒಂದೇ: ಯಾವ ತಿಂಗಳು ಒಳ್ಳೆಯದು?

ಬುದ್ಧಿ ಹೇಳುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು. ಅಲ್ಲಿ ಹಡಗು ಓಡುವುದೇ ಬೇಸಿಗೆಯಲ್ಲಿ, ಅವರ ಬೇಸಿಗೆಯೆಂದರೆ ನಮ್ಮ ಮುಂಗಾರು. ಮೇ ತಿಂಗಳಲ್ಲಿ ಮಳೆ ಕಡಿಮೆ, ಬೆಟ್ಟಗಳ ಮೇಲೆ ಹಿಮ ಇನ್ನೂ ತುಂಬಿರುತ್ತದೆ, ಆದರೆ ಆ ಚಳಿ ನಮ್ಮ ಸ್ವೆಟರಿಗೆ ಬಗ್ಗುವಂಥದ್ದಲ್ಲ. ಜುಲೈ ಬೆಚ್ಚಗಿರುತ್ತದೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಆಗಸ್ಟಿನಲ್ಲಿ ಮೀನುಗಳು ಹೊಳೆಗೆ ಎದುರಾಗಿ ಈಜಿಕೊಂಡು ಬರುತ್ತವೆ, ಅವನ್ನು ಹುಡುಕಿಕೊಂಡು ಕರಡಿಗಳು ದಡಕ್ಕೆ ಇಳಿಯುತ್ತವೆ. ಸೆಪ್ಟೆಂಬರಿನಲ್ಲಿ ಮಳೆ ಜೋರು, ಗಿರಾಕಿ ಇಲ್ಲ, ದರ ಇಳಿಯುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತೇನೆ. ಜೂನ್ ಬಗ್ಗೆ ಹೇಳುವಾಗ ಮಾತ್ರ ಎದುರಿನವರ ಮುಖ ನೋಡುವುದಿಲ್ಲ. ಹಗಲು ಉದ್ದವಾಗಿರುತ್ತದೆ ಎಂದಷ್ಟೇ ಹೇಳಿ ಟೀ ತರಿಸುತ್ತೇನೆ.

ಯಾಕೆ ಅನ್ನುವುದಕ್ಕೆ ನನ್ನ ಹೆಂಡತಿಯ ಕಣ್ಣಿನ ವಿಚಾರ ಮೊದಲು ಹೇಳಬೇಕು. ಅವಳು ಬರಗೂರಿನ ಕಡೆಯವಳು. ಚಿಕ್ಕಂದಿನಿಂದ ಇರುಳುಗುರುಡು. ಹಗಲಲ್ಲಿ ಅಕ್ಕಿಯಲ್ಲಿನ ಕಲ್ಲು ಆರಿಸುವವಳಿಗೆ ಸಂಜೆ ದೀಪ ಹಚ್ಚಿದ ಮೇಲೆ ಬಲ್ಬಿನ ಕೆಳಗಿನದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕರೆಂಟು ಹೋದರೆ ಎಲ್ಲಿರುತ್ತಾಳೋ ಅಲ್ಲೇ ಕೂತುಬಿಡುತ್ತಾಳೆ. ನೆಂಟರ ಮದುವೆಗೆ ಹೋದರೆ ಬೆಳಗಿನ ಧಾರೆಗೆ ಒಬ್ಬಳೇ ಓಡಾಡಿಕೊಂಡಿರುತ್ತಾಳೆ, ಸಂಜೆಯ ಆರತಕ್ಷತೆಗೆ ಯಾರದಾದರೂ ಮುಂಗೈ ಬೇಕು. ಹೆಚ್ಚಾಗಿ ಆ ಮುಂಗೈ ನನ್ನದೇ. ಇಷ್ಟು ವರ್ಷ ಕೈ ಹಿಡಿದು ನಡೆಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಹಿಡಿದುಕೊಂಡು ನಡೆಯುವವಳಿಗೆ ಹೇಗಿರುತ್ತದೆ ಅಂತ ಕೇಳಬೇಕೆಂದು ಹೊಳೆದಿರಲಿಲ್ಲ.

ಅವಳು ಮಧ್ಯಾಹ್ನದ ಹೊತ್ತು ಫೋನಿನಲ್ಲಿ ದೇಶ ವಿದೇಶ ನೋಡುತ್ತಾಳೆ. ಒಂದು ದಿನ ಊಟಕ್ಕೆ ಬಡಿಸುತ್ತ, ಹಿಂಗೆ ಹಿಮದ ಬೆಟ್ಟದ ಪಕ್ಕದಲ್ಲೇ ಹಡಗು ಹೋಗುತ್ತದಂತೆ, ಜೂನ್ ತಿಂಗಳಲ್ಲಿ ಹೋಗೋಣವಾ ಎಂದಳು. ಅವಳಾಗಿ ಏನನ್ನೂ ಕೇಳಿದವಳಲ್ಲ. ನನಗೆ ಖುಷಿಯಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಲ್ಲಿ ಯಾರೂ ಹೋಗದ ಜಾಗಕ್ಕೆ ಹೋಗಿಬಂದೆ ಎನ್ನಬಹುದಲ್ಲ ಅನ್ನುವ ಆಸೆ. ಜೂನೇ ಯಾಕೆ ಎಂದು ಕೇಳಿದೆ.

"ಜೂನ್‌ನಾಗೆ ಅಲ್ಲಿ ರಾತ್ರಿ ಹತ್ತಾದ್ರೂ ಕತ್ಲಾಗಲ್ವಂತೆ ಕಣ್ರೀ."

"ಬೆಳಕು ನೋಡಾಕೆ ಅಷ್ಟು ದೂರ ಯಾಕಮ್ಮಿ? ಪಾವಗಡಕ್ಕೆ ಕರ್ಕೊಂಡೋಗ್ತೀನಿ ಬಾ. ಹೊಲದ ತುಂಬ ಸೋಲಾರ್ ಹಾಸವ್ರೆ, ಅಲ್ಲೇನು ಬಿಸಿಲಿಗೆ ಬರವಾ?"

ಅವಳು ನಕ್ಕಳು. ನನ್ನ ಹಾಸ್ಯಕ್ಕೆ ಯಾವತ್ತೂ ನಗುತ್ತಾಳೆ. ಅವಳು ಕೊಟ್ಟ ಕಾರಣ ಆ ನಗುವಿನಲ್ಲಿ ಅಲ್ಲೇ ಮುಗಿದುಹೋಯಿತು.

ನಾನು ಮನುಷ್ಯನಾದದ್ದು ಶಿರಾದ ಕುರಿ ಸಂತೆಯಲ್ಲಿ. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಡುತ್ತಾರೆ. ಒಬ್ಬ ಇನ್ನೊಬ್ಬನ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮೀಸೆ ಬರುವ ಮೊದಲೇ ನಾನು ಕಲಿತ ಪಾಠ ಇದು: ಮೊದಲು ಹಿಡಿದ ಬೆರಳು ಬೆಲೆಯಲ್ಲ. ಅದು ಬರೀ ಆರಂಭ. ನೀನು ದೂರದ್ದೊಂದು ಹೇಳು, ಆಮೇಲೆ ಸುಮ್ಮನಿರು. ಸುಮ್ಮನಿರಲಾರದವನು ಸೋಲುತ್ತಾನೆ. ಈ ಪಾಠದಿಂದಲೇ ಮಂಡಿ ಕಟ್ಟಿದೆ, ಮನೆ ಕಟ್ಟಿದೆ. ಅದೇ ಪಾಠವನ್ನು ಹೆಂಡತಿಯ ಜೂನ್ ತಿಂಗಳ ಮೇಲೂ ಹೂಡಿದೆ.

ಸೆಪ್ಟೆಂಬರ್ ಕೊನೆ ಎಂದೆ. ಆಗ ಹಡಗಿನವರಿಗೆ ಗಿರಾಕಿ ಇರುವುದಿಲ್ಲ, ಅಂಗಡಿ ಮುಚ್ಚುವ ಹೊತ್ತಿಗೆ ಹೋದವನಿಗೆ ಮಾಲು ಅಗ್ಗ. ನಮ್ಮಲ್ಲೂ ಪಿತೃಪಕ್ಷ ಹತ್ತಿರವಿರುತ್ತದೆ, ಮದುವೆ ಮುಂಜಿ ಇಲ್ಲ, ಮಂಡಿಯಲ್ಲೂ ಕೆಲಸವಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಷ್ಟರಲ್ಲಿ ವಾಪಸು ಬರಬಹುದು. ಲೆಕ್ಕ ಎಲ್ಲ ಸರಿಯಾಗಿತ್ತು. ಅವಳು ಜೂನೇ ಆಗಲಿ ಎಂದಳು. ನಾನು ಸುಮ್ಮನಾದೆ. ಒಂದು ವಾರ ಬಿಟ್ಟು, ಜುಲೈ ಆದರೂ ಆಗಲಿ ಎಂದಳು. ಒಮ್ಮೆ ಜಗ್ಗಿದವರು ಇನ್ನೊಮ್ಮೆಯೂ ಜಗ್ಗುತ್ತಾರೆ ಅನ್ನುವುದು ವ್ಯಾಪಾರಿಗೆ ಗೊತ್ತು. ನಾನು ಮತ್ತೆ ಸುಮ್ಮನಿದ್ದೆ. ಆಗಸ್ಟ್ ಮೊದಲ ವಾರ ಎಂದಳು. ಕಡೆಗೆ ಒಂದು ರಾತ್ರಿ ಮುದ್ದೆ ಕಟ್ಟುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಆಯ್ತು ಬುಡಿ. ನಿಮಗೆಂಗೆ ಅನುಕೂಲವೋ ಅಂಗೇ ಮಾಡಿ."

ಮಾರನೆಯ ದಿನ ಮಂಡಿಯಲ್ಲಿ ಇದನ್ನು ಗೆದ್ದ ಕಥೆಯಾಗಿ ಹೇಳಿದೆ. ಹೆಂಡ್ತೀನೂ ಮೂರು ತಿಂಗಳು ಇಳಿಸಿಬಿಟ್ಟೆಯಲ್ಲೋ ಎಂದು ಪಕ್ಕದ ಮಂಡಿಯವರು ನಕ್ಕರು, ಹಮಾಲರೂ ನಕ್ಕರು. ತುಮಕೂರಿನಲ್ಲಿ ಟಿಕೆಟ್ ಮಾಡಿಸುವ ಹುಡುಗಿಯೊಬ್ಬಳೇ, ಮೇಡಂಗೆ ಏನು ನೋಡಬೇಕು ಅಂತ ಇದೆ ಸಾರ್ ಎಂದು ಕೇಳಿದ್ದು. ಅವಳಿಗೇನಮ್ಮ, ಯಾವುದಾದರೂ ನಡೆಯುತ್ತದೆ ಎಂದು ನಾನೇ ಉತ್ತರ ಕೊಟ್ಟೆ. ನನ್ನ ಹೆಂಡತಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು.

ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆವು. ಹಡಗು ನಮ್ಮ ಮದಲೂರು ಕೆರೆಯಲ್ಲಿ ತಂದು ನಿಲ್ಲಿಸಿದರೆ ಕೆರೆಯೇ ಕಾಣದಷ್ಟು ದೊಡ್ಡದು. ಮೊದಲ ಸಂಜೆ ಅವಳು ಊಟವನ್ನು ಬೇಗ ಮುಗಿಸಿದಳು. ರೂಮಿಗೆ ಬಂದು ಸ್ವೆಟರಿನ ಮೇಲೆ ಶಾಲು ಹೊದ್ದಳು. ಪೆಟ್ಟಿಗೆಯಿಂದ ಒಂದು ಜೊತೆ ಹೊಸ ಬೂಟು ತೆಗೆದಳು. ಜಾರದ ರಬ್ಬರಿನ ಅಡಿ ಇದ್ದದ್ದು. ಅದನ್ನು ಯಾವಾಗ ಕೊಂಡಿದ್ದಳೋ ನನಗೆ ಗೊತ್ತಿರಲಿಲ್ಲ.

"ನೀವು ಮಲಗಿ. ನಾನೊಬ್ಳೇ ಮೇಲೆ ಒಂದು ಸುತ್ತು ಹಾಕ್ಕೊಂಡ್ ಬತ್ತೀನಿ."

ಸಂಜೆಯ ಊಟವಾದ ಮೇಲೆ ಒಬ್ಬಳೇ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಜೂನ್ ಯಾಕೆ ಬೇಕಿತ್ತೆಂದು ನನಗೆ ತಿಳಿದದ್ದು ಆಗ, ಬೂಟಿನ ದಾರ ಬಿಗಿಯುತ್ತಿದ್ದ ಅವಳ ಬೆರಳು ನೋಡಿದಾಗ. ಅವಳಿಗೆ ಹಿಮವೂ ಮುಖ್ಯವಲ್ಲ, ತಿಮಿಂಗಿಲವೂ ಮುಖ್ಯವಲ್ಲ. ಎಲ್ಲರೂ ಉಂಡು ಹೊರಗೆ ಅಡ್ಡಾಡುವ ಹೊತ್ತಿನಲ್ಲಿ ಯಾರ ಕೈಯನ್ನೂ ಹಿಡಿಯದೆ ತಾನೂ ಅಡ್ಡಾಡಬೇಕಿತ್ತು. ಅದಕ್ಕೆ ಭೂಮಿಯ ಆ ತುದಿಯನ್ನು ಹುಡುಕಿಕೊಂಡಿದ್ದಳು.

ದೀಪವಿದ್ದ ಮೆಟ್ಟಿಲು ಹತ್ತಿ ಅವಳು ಹೊರಬಾಗಿಲು ತೆರೆದಳು, ನಾನು ಹಿಂದೆಯೇ ಇದ್ದೆ. ಆಚೆ ಕತ್ತಲು, ಮಳೆ, ಒದ್ದೆ ಹಲಗೆ. ಚೌಕಟ್ಟಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು.

"ಇದು ನಮ್ಮೂರ್ನಾಗೆ ದೀಪ ಹಚ್ಚೋ ಹೊತ್ತೇ ಅಲ್ವಾ?"

ಹೌದು, ಹೆಚ್ಚುಕಡಿಮೆ ಅದೇ. ನಾನು ಹೆಮ್ಮೆಯಿಂದ ಆರಿಸಿದ ವಾರ, ಹಗಲೂ ಇರುಳೂ ಸಮವಾಗುವ ವಾರ. ಆ ವಾರ ನೀವು ನಮ್ಮ ಪಕ್ಕದ ಬಡವನಹಳ್ಳಿಯಲ್ಲೇ ಇರಿ, ಹಿಮದ ಬೆಟ್ಟದ ಬುಡದಲ್ಲೇ ಇರಿ, ಸೂರ್ಯ ಸುಮಾರು ಒಂದೇ ಹೊತ್ತಿಗೆ ಮುಳುಗುತ್ತಾನೆ. ಕತ್ತಲಾಗದ ಜಾಗ ಕೇಳಿದವಳನ್ನು ಸಮುದ್ರ ದಾಟಿಸಿ, ಮನೆಯಲ್ಲಿದ್ದ ಕತ್ತಲಿಗೇ ಕರೆದುಕೊಂಡು ಹೋಗಿದ್ದೆ. ಬಾಯಿಗೆ ಬಂದ ಮಾತು ಮಾತ್ರ ಬೇರೆ. ಇವತ್ತು ಮೋಡ ಕಣೇ, ನಾಳೆ ತಿಳಿಯಾಗುತ್ತದೆ ಎಂದೆ. ಅವಳು ಕೈ ಚಾಚಿದಳು. ನಾನು ಮುಂಗೈ ಕೊಟ್ಟೆ.

ಹಗಲು ಹೊತ್ತು ಹಿಮದ ಗೋಡೆ ನೋಡಿದೆವು. ಅದು ಕಳಚಿ ನೀರಿಗೆ ಬೀಳುವುದನ್ನೂ ನೋಡಿದೆವು. ಚೆನ್ನಾಗೈತೆ ಎಂದಳು, ಮನಸ್ಸಿನಿಂದಲೇ ಹೇಳಿದಳು ಅಂದುಕೊಳ್ಳುತ್ತೇನೆ. ಇನ್ನೊಂದು ದಿನ ಕತ್ತಲಾಗುತ್ತಿದ್ದಂತೆ ತಿಮಿಂಗಿಲ ಬಂದಿದೆ ಎಂದು ಕೂಗಿದರು. ಹಡಗಿನ ಜನವೆಲ್ಲ ಕಂಬಿಯ ಹತ್ತಿರ ಓಡಿತು. ಅವಳನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಬೂದು ನೀರಿನಲ್ಲಿ ಕಪ್ಪು ಬೆನ್ನು ಎದ್ದು ಮುಳುಗುವುದು ನನಗೆ ಕಾಣುತ್ತಿತ್ತು. ಅಗೋ ಬಲಕ್ಕೆ, ಅಗೋ ಈಗ ಬಾಲ, ಎಂದು ಒಂದೇ ಸಮನೆ ಹೇಳಿದೆ. ಹರಾಜು ಕೂಗುವವನ ಹಾಗೆ ಇತ್ತು ನನ್ನ ದನಿ.

"ನೀವು ಸುಮ್ನೆ ನೋಡಿ," ಎಂದಳು. "ನಂಗೆ ಸದ್ದು ಕೇಳ್ತೈತೆ. ನಮ್ಮಪ್ಪನ ಮನೆ ಕೊಟ್ಟಿಗೆನಾಗೆ ಎಮ್ಮೆ ಉಸುರು ಬುಟ್ಟಂಗೈತೆ."

ಪಕ್ಕದಲ್ಲಿದ್ದವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಅವಳೊಬ್ಬಳು ತಲೆ ತಗ್ಗಿಸಿ ಕಿವಿಗೊಟ್ಟು ನಿಂತಿದ್ದಳು. ನನಗೆ ಆ ಜನರ ನಡುವೆ ನಿಲ್ಲಲು ಆಗಲಿಲ್ಲ. ಬಿಟ್ಟು ಹೋಗುವ ಹಾಗೂ ಇರಲಿಲ್ಲ, ಅವಳ ಕೈ ನನ್ನ ಮುಂಗೈ ಮೇಲಿತ್ತು.

ಊರಿಗೆ ಬಂದು ಅಮಾವಾಸ್ಯೆಗೆ ಎಡೆ ಇಟ್ಟೆವು. ಮಂಡಿಯಲ್ಲಿ ತಿಮಿಂಗಿಲದ ಉದ್ದವನ್ನು ಎರಡೂ ಕೈ ಚಾಚಿ ತೋರಿಸಿದೆ. ಅಮ್ಮಾವ್ರೂ ನೋಡಿದ್ರಾ ಎಂದು ಒಬ್ಬ ಹಮಾಲ ಕೇಳಿದ. ನೋಡಿದರು ಎಂದೆ. ಅವಳು ಯಾರ ಮುಂದೆಯೂ ನನ್ನ ಮಾತು ತಪ್ಪೆಂದು ಹೇಳಲಿಲ್ಲ. ಒಂದು ಸಲ ಬೈದಿದ್ದರೆ ನಾನೂ ಏನಾದರೂ ವಾದ ಮಾಡಿ ಹಗುರಾಗುತ್ತಿದ್ದೆನೇನೋ.

ಚಳಿಗಾಲದಲ್ಲಿ ಕೊರಟಗೆರೆಯಿಂದ ನನ್ನ ಹಳೆಯ ಸ್ನೇಹಿತ ಮನೆಗೆ ಬಂದ, ಹೆಂಡತಿಯ ಜೊತೆ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತಿಯಾದವನು. ತಾವೂ ಹೋಗಬೇಕೆಂದಿದ್ದೇವೆ, ತಿಂಗಳು ಹೇಳು ಎಂದ. ಒಳಗೆ ನನ್ನವಳಿದ್ದಾಳೆ ಅನ್ನುವುದೂ ಮರೆತು ನನ್ನ ಬಾಯಿ ತಾನಾಗಿ ಶುರುವಾಯಿತು: ಸೆಪ್ಟೆಂಬರ್ ಕೊನೆಗೆ ಹೋಗು, ದರ ಇಳಿದಿರುತ್ತದೆ. ಅಷ್ಟರಲ್ಲಿ ಅವಳು ಕಾಫಿ ತಂದಳು. ಲೋಟ ಕೊಟ್ಟು, ಅವನ ಹೆಂಡತಿಯ ಪಕ್ಕದಲ್ಲಿ ಕೂತಳು.

"ನಿಂಗೇನು ನೋಡ್ಬೇಕು ಅಂತೈತೆ ತಾಯಿ?"

"ನಂಗೇನಕ್ಕ, ಇವ್ರು ಹೇಳ್ದಂಗೆ."

"ಅಂಗನ್ಬ್ಯಾಡ ಕಣಮ್ಮ. ಒಂದ್ಸಲ ಅಂಗಂದ್ರೆ ಮುಗೀತು."

ಕೋಪದ ದನಿಯಲ್ಲ. ಸಾರಿಗೆ ಉಪ್ಪು ಎಷ್ಟು ಅಂತ ಹೇಳುವ ದನಿ. ಜೂನ್‌ನಲ್ಲಿ ಹೋಗಿ, ಸಂಜೆ ಉಂಡು ಹೊರಗೆ ನಡೆಯಬಹುದು ಎಂದಳು. ಸ್ನೇಹಿತ ನನ್ನ ಮುಖ ನೋಡಿದ. ಜೂನೇ ಸರಿ ಎಂದೆ.

"ಏನ್ಲಾ, ಮಂಡಿ ಸಾಹುಕಾರ ಒಂದೇ ಮಾತಿಗೆ ಒಪ್ಕೊಂಡ್ಬುಟ್ಟೆ?" ಎಂದು ಅವನು ನಕ್ಕ. ಅವನಿಗೆ ಹೇಗೆ ಗೊತ್ತಾಗಬೇಕು. ನಾನೂ ನಕ್ಕು ಕಾಫಿ ಲೋಟ ಎತ್ತಿಕೊಂಡೆ.

ಅವರು ಹೋದ ಮೇಲೆ, ಬರುವ ಜೂನ್‌ಗೆ ನಾವೂ ಹೋಗೋಣ ಎಂದೆ. ಅವಳು ತಲೆಯಾಡಿಸಿದಳು. ತುಮಕೂರಿನ ಕಣ್ಣಿನ ಡಾಕ್ಟರು, ಈಗೀಗ ಹಗಲಲ್ಲೂ ಪಕ್ಕದ್ದು ಕಾಣುವುದು ಕಡಿಮೆಯಾಗುತ್ತಿದೆ, ಇನ್ನೂ ಕಡಿಮೆಯಾಗಬಹುದು ಎಂದಿದ್ದರು. ಅದು ನನಗೂ ಗೊತ್ತಿತ್ತು, ಜೊತೆಯಲ್ಲಿ ಹೋದವನು ನಾನೇ. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಮೆಟ್ಟಿಲು, ಈಗ ಹಗಲು ಹೊತ್ತೇ ಭಯ ಎಂದಳು. ಆಮೇಲೆ ಬೇಡ ಎಂದಳು. ನಾನು ಕಾದೆ. ಅವಳು ಇನ್ನೇನೂ ಸೇರಿಸಲಿಲ್ಲ. ಅದು ಜಗ್ಗುವ ಮಾತಾಗಿರಲಿಲ್ಲ.

ನನ್ನ ಸ್ನೇಹಿತ ಹೆಂಡತಿಯೊಂದಿಗೆ ಈ ಜೂನ್‌ನಲ್ಲಿ ಹೋದ. ಒಂದು ದಿನ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿರುವಾಗ ನನ್ನ ಫೋನಿಗೆ ವಿಡಿಯೋ ಕಾಲ್ ಬಂತು. ಅವನ ಹೆಂಡತಿ. ಅಕ್ಕನಿಗೆ ಕೊಡಿ ಎಂದಳು. ನನ್ನವಳು ಅಂಗಳದಲ್ಲಿ ಹುಣಸೆಹಣ್ಣು ಒಣಹಾಕುತ್ತಿದ್ದಳು. ಬಿಸಿಲಿಗೆ ಫೋನು ಕಾಣದೆ ಗೋಡೆಯ ನೆರಳಿಗೆ ಬಂದು ಕಣ್ಣಿನ ಹತ್ತಿರ ಹಿಡಿದಳು. ನಾನು ಹಿಂದೆ ನಿಂತೆ. ಅಲ್ಲಿ ರಾತ್ರಿ ಹತ್ತು ಗಂಟೆಯಂತೆ. ಹಡಗಿನ ಹಲಗೆ, ಕಂಬಿ, ನೀರು, ಆಚೆಯ ಬೆಟ್ಟ, ಎಲ್ಲವೂ ನಮ್ಮ ಸಂಜೆ ಆರರ ಹಾಗೆ ತಿಳಿಯಾಗಿ ಕಾಣುತ್ತಿದ್ದವು.

"ಒಬ್ಳೇ ನಿಂತಿದ್ದೀಯಾ?" ಎಂದು ನನ್ನವಳು ಕೇಳಿದಳು.

"ಹೂಂ ಅಕ್ಕ. ಇವ್ರು ಮಲಗವ್ರೆ."

"ಕಂಬಿ ಹಿಡ್ಕೊಳ್ದೆ ನಡಿ ನೋಡಾನ."

ಆಕೆ ನಗುತ್ತ ನಡೆಯತೊಡಗಿದಳು. ಫೋನು ಅಲುಗಾಡುತ್ತಿತ್ತು, ಬೂಟಿನ ಸದ್ದು ಕೇಳುತ್ತಿತ್ತು. ನನ್ನವಳು ಪರದೆಯಿಂದ ಮುಖ ತೆಗೆಯದೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಮೇಲೆ ಕೈ ಆಡಿಸಿಕೊಂಡು ಒಳಗೆ ಹೋದಳು. ಪರದೆಯಲ್ಲಿ ಆಕೆ ಇನ್ನೂ ನಡೆಯುತ್ತಲೇ ಇದ್ದಳು. "ಅಕ್ಕ, ಕಾಣ್ತೈತಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನನಗೆ ಕಾಣುತ್ತಿತ್ತು.