ಅಳತೆ ಪುಸ್ತಕದಲ್ಲಿ ಇಲ್ಲದ ಗಿರಾಕಿ

ನಮ್ಮ ಭಾವನಿಗೆ ಬೀದಿಯಲ್ಲಿ ಎರಡು ಹೆಸರು. ಎದುರಿಗೆ ಸಿಕ್ಕಾಗ ಟೈಲರಣ್ಣ, ಬೆನ್ನು ತಿರುಗಿಸಿದ ಮೇಲೆ ಟೇಪು ಡಾಕ್ಟರು. ಎರಡನೆಯದನ್ನು ಇಟ್ಟವನು ನಾನೇ. ಅವರ ಅಂಗಡಿಗೆ ಅಂಟಿಕೊಂಡ ಆರಡಿ ಅಗಲದ ಮಳಿಗೆಯಲ್ಲಿ ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ ಮಾರುತ್ತೇನೆ. ನಡುವೆ ಇರುವುದು ಹಲಗೆ ಗೋಡೆ. ಆ ಕಡೆ ಪಿಸುಗುಟ್ಟಿದರೂ ಈ ಕಡೆ ಕೇಳುತ್ತದೆ. ಭಾವ ಪಿಸುಗುಟ್ಟುವ ಪೈಕಿ ಅಲ್ಲ, ಅದು ಬೇರೆ ಮಾತು.

ಅವರು ಅಳತೆ ತೆಗೆಯುವುದನ್ನು ನೋಡಬೇಕು. ಕೊರಳಲ್ಲಿ ನೇತಾಡುವ ಟೇಪನ್ನು ಗಿರಾಕಿಯ ಸೊಂಟಕ್ಕೆ ಸುತ್ತಿ, ಬೀದಿಗೆಲ್ಲ ಕೇಳುವ ಹಾಗೆ "ಮೂವತ್ತೆಂಟು!" ಅನ್ನುತ್ತಾರೆ. ಮೂಲೆಯ ಸ್ಟೂಲಿನ ಮೇಲೆ ಗುಂಡಿ ಹೊಲಿಯುತ್ತ ಕೂತ ನಮ್ಮಕ್ಕ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು, ಉದ್ದನೆಯ ಅಳತೆ ಪುಸ್ತಕ ಬಿಚ್ಚಿ, ತಾರೀಖು ಹಾಕಿ ಬರೆಯುತ್ತಾಳೆ. ಬರೆದು ಸುಮ್ಮನಿರುವುದಿಲ್ಲ. "ಹೋದ ವರ್ಷ ಮೂವತ್ತಾರು ಇತ್ತು ರೀ," ಎಂದು ಅಷ್ಟೇ ಜೋರಾಗಿ ಓದಿ ಹೇಳುತ್ತಾಳೆ. ಒಬ್ಬ ಮನುಷ್ಯನ ಮಾನ ಕಳೆಯಲು ಗಂಡ ಹೆಂಡತಿ ಇಬ್ಬರಿಗೆ ಅರ್ಧ ನಿಮಿಷ ಸಾಕು.

ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಲ್ಲುವ ಚಾಲಾಕಿಗಳೂ ಇದ್ದರು. ಭಾವ ಟೇಪು ಹಿಡಿದುಕೊಂಡೇ ಕಾಯುತ್ತಿದ್ದರು. "ಉಸಿರು ಬಿಡಿ ಸಾರ್. ಪ್ಯಾಂಟು ಹಾಕ್ಕೊಂಡ ಮೇಲೂ ಉಸಿರಾಡ್ಬೇಕಲ್ಲ."

ವರ್ಷದೊಳಗೆ ಸೊಂಟ ಎರಡು ಇಂಚು ಮೇಲೆ ಹೋದರೂ ಕೆಳಗೆ ಇಳಿದರೂ ಅವರು ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗಿ ತೋರಿಸಿಕೊಂಡು, ಡಾಕ್ಟರಮ್ಮನ ಕೈಯಲ್ಲಿ ಚೀಟಿ ಬರೆಸಿಕೊಂಡು ಬಂದರೆ ಮಾತ್ರ ಹೊಲಿಗೆ. ಕೋಪ ಮಾಡಿಕೊಂಡು ಬಟ್ಟೆ ವಾಪಸ್ಸು ಒಯ್ದವರು ಎಷ್ಟೋ ಜನ. "ನಾನು ಪ್ಯಾಂಟು ಹೊಲಿಸೋಕೆ ಬಂದಿದ್ದೀನೋ, ಹೆಣ್ಣು ಕೇಳೋಕೆ ಬಂದಿದ್ದೀನೋ? ಇಷ್ಟೊಂದು ವಿಚಾರಣೆ ಯಾಕೆ?" ಎಂದು ಒಬ್ಬರು ರೇಗಿದ್ದರು.

ಈ ಹಟಕ್ಕೆ ಒಂದು ಕಾರಣ ಇತ್ತು. ಬಹಳ ಹಿಂದೆ ಒಬ್ಬ ವಕೀಲರು ತಮ್ಮ ಕರಿಕೋಟನ್ನು ಬಿಗಿ ಮಾಡಿಸಲು ಒಂದೇ ವರ್ಷದಲ್ಲಿ ನಾಲ್ಕು ಸಲ ತಂದಿದ್ದರು. ನಾಲ್ಕು ಸಲವೂ ಭಾವ ತುಟಿಪಿಟಕ್ಕೆನ್ನದೆ ಅಚ್ಚುಕಟ್ಟಾಗಿ ಹಿಡಿದು ಕೊಟ್ಟರು. ಐದನೇ ಸಲ ಕೋಟನ್ನು ತಂದವನು ವಕೀಲರ ಮಗ. ಅಪ್ಪನಿಗೆ ಕೊನೆಯ ಸಲ ತೊಡಿಸಬೇಕು, ಸಡಿಲ ಕಾಣಬಾರದು ಎಂದ. "ನನ್ನ ಕೈಗೆ ಗೊತ್ತಾಗಿತ್ತು ಕಣೋ, ಬಾಯಿ ಬಿಡಲಿಲ್ಲ," ಎಂದು ಭಾವ ನನಗೆ ಒಂದೇ ಒಂದು ಸಲ ಹೇಳಿದ್ದಾರೆ. ಅಂದಿನಿಂದ ಬಾಯಿ ಮುಚ್ಚಿಲ್ಲ.

ನನ್ನನ್ನೂ ಬಿಟ್ಟಿಲ್ಲ. ಮೂರು ವರ್ಷದ ಹಿಂದೆ ನನ್ನ ಸೊಂಟ ಎರಡೂವರೆ ಇಂಚು ಬೆಳೆದದ್ದನ್ನು ಬೀದಿಗೆ ಸಾರಿ, ಕೊರಳಪಟ್ಟಿ ಹಿಡಿಯುವುದೊಂದು ಬಾಕಿ ಎನ್ನುವ ಹಾಗೆ ಕ್ಲಿನಿಕ್ಕಿಗೆ ಅಟ್ಟಿದರು. ರಕ್ತದ ಒತ್ತಡ ಏರಿತ್ತು. ನನಗೆ ತಲೆನೋವೂ ಇರಲಿಲ್ಲ, ತಲೆಸುತ್ತೂ ಇರಲಿಲ್ಲ. ಈಗ ದಿನಕ್ಕೊಂದು ಮಾತ್ರೆ ನುಂಗಿಕೊಂಡು ಬದುಕಿದ್ದೇನೆ. ಆ ಋಣ ಮರೆತಿಲ್ಲ, ಆದರೆ ಇಡೀ ಬೀದಿಯೆದುರು ನನ್ನ ಹೊಟ್ಟೆ ಅಳೆದದ್ದನ್ನೂ ಮರೆತಿಲ್ಲ. ಸೇಡು ತೀರಿಸಿಕೊಳ್ಳುವ ಸಮಯ ಬಂದೇ ಬರುತ್ತದೆ ಎಂದು ಕಾದಿದ್ದೆ. ಬಂತು. ಆದರೆ ಅದು ಬಂದ ರೀತಿಗೆ ನನ್ನ ನಗುವೇ ಉಡುಗಿಹೋಯಿತು.

ಹೋದ ವರ್ಷ ಭಾವ ತೆಳ್ಳಗಾಗತೊಡಗಿದರು. ಐವತ್ತಾರನೇ ವಯಸ್ಸಿಗೆ ಹೊಟ್ಟೆ ಮಾಯ. ಕನ್ನಡಿಯ ಮುಂದೆ ಅಡ್ಡ ನಿಂತು ಅಂಗೈಯಿಂದ ಹೊಟ್ಟೆ ಸವರಿಕೊಂಡು, "ನೋಡೋ, ಹುಡುಗನ ಸೊಂಟ! ನೀನೂ ಇದ್ದೀಯ ಹಿಟ್ಟಿನ ಮೂಟೆ," ಎಂದು ಹಲಗೆಯ ಮೇಲಿಂದ ಇಣುಕಿ ಅಣಕಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಇದ್ದದ್ದನ್ನೇ ಹೇಳುತ್ತೇನೆ, ಒಂದು ತಿಂಗಳು ನಾನು ಸಂಜೆಯ ಬಿಸ್ಕತ್ತು ಬಿಟ್ಟಿದ್ದೆ.

ಜೊತೆಗೆ ಬಾಯಾರಿಕೆ ಬೇರೆ. ಬೆಳಿಗ್ಗೆ ತುಂಬಿಸಿಟ್ಟ ನೀರಿನ ಬಿಂದಿಗೆ ಊಟದ ಹೊತ್ತಿಗೆ ಖಾಲಿ. ಅರ್ಧ ಗಂಟೆಗೊಮ್ಮೆ ಹಿತ್ತಲಿಗೆ ಓಟ. "ಸೆಕೆ," ಅನ್ನುತ್ತಿದ್ದರು. ಚಳಿಗಾಲ ಬಂತು. ಆಗಲೂ ಸೆಕೆಯೇ.

ಆಮೇಲೆ ನನ್ನ ದಾರದ ಮೇಲೆ ದೂರು ಶುರುವಾಯಿತು. "ಎಂಥ ದಾರ ಮಾರ್ತೀಯೋ? ತುದಿ ಸೀಳಿಹೋಗುತ್ತೆ, ಸೂಜಿಗೆ ಹೋಗಲ್ಲ." ಉಂಡೆ ಬದಲಾಯಿಸಿ ಕೊಟ್ಟೆ. ಮರುದಿನ ಸೂಜಿ ಸರಿಯಿಲ್ಲ ಎಂದರು. ಹೊಸ ಸೂಜಿ ಕೊಟ್ಟೆ. ಅದಕ್ಕೆ ತೂತೇ ಕೊರೆದಿಲ್ಲ ಎಂದು ಎಸೆದರು. ನಾನು ಅದನ್ನು ನೆಲದಿಂದ ಹೆಕ್ಕಿ, ಅವರ ಎದುರೇ ಒಂದೇ ಏಟಿಗೆ ದಾರ ಪೋಣಿಸಿ ತೋರಿಸಿದೆ. ಗೆದ್ದೆ ಅಂದುಕೊಂಡೆ. ಭಾವ ಸೂಜಿ ಇಸಿದುಕೊಂಡು ಹೋದರು. ಅವರು ತಿರುಗಿ ಬಯ್ಯಲಿಲ್ಲವಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಹೆಡ್‌ಮಾಸ್ಟರ ಕೋಟಿನಲ್ಲಿ ಗುಟ್ಟು ರಟ್ಟಾಯಿತು. ನಿವೃತ್ತಿಯ ದಿನಕ್ಕೆಂದು ಹೊಲಿಸಿದ್ದು. ತೊಟ್ಟು ನೋಡಿದರೆ ಎರಡೂ ಕೈ ಹಿಂದಕ್ಕೆ ತಿರುಚಿಕೊಂಡು ನಿಂತವು. ಬಲತೋಳು ಎಡಕ್ಕೆ, ಎಡತೋಳು ಬಲಕ್ಕೆ ಕೂತಿತ್ತು. ಸೀಮೆಸುಣ್ಣದ ಗುರುತು ಭಾವನಿಗೆ ಕಂಡಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ತಪ್ಪು. ಹೆಡ್‌ಮಾಸ್ಟರು ದೊಡ್ಡ ಮನುಷ್ಯರು, ನಕ್ಕು ಬಿಚ್ಚಿ ಕೊಟ್ಟರು. ಅಕ್ಕ ನಗಲಿಲ್ಲ. ತೋಳು ಬಿಚ್ಚಿ ಮತ್ತೆ ಕೂರಿಸಿದವಳು ಅವಳೇ.

"ಕ್ಲಿನಿಕ್ಕಿಗೆ ಹೋಗೋಣ ನಡೀರಿ," ಎಂದಳು.

"ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ."

"ವರ್ಷಕ್ಕೊಂದು ಸಲ ತೋರಿಸ್ಕೋಬೇಕು ಅಂತ ಊರಿಗೆಲ್ಲ ಹೇಳ್ತೀರಿ."

"ಅದು ಗಿರಾಕಿಗಳಿಗೆ ಕಣೇ."

ಅಷ್ಟೇ. ಅಳತೆ ಪುಸ್ತಕದಲ್ಲಿ ಬೀದಿಯ ಪ್ರತಿಯೊಬ್ಬರಿಗೂ ಒಂದೊಂದು ಪುಟ ಇತ್ತು. ಇಲ್ಲದಿದ್ದದ್ದು ಭಾವನಿಗೆ ಮಾತ್ರ. ತನ್ನ ಅಳತೆ ತನ್ನ ಕೈಗೇ ಗೊತ್ತು, ಬರೆಯುವುದೇನು ಅನ್ನುತ್ತಿದ್ದರು. ಕೈಗೆ ಗೊತ್ತಿತ್ತು ನಿಜ. ಬಾಯಿ ಮಾತ್ರ ಮತ್ತೆ ಮುಚ್ಚಿಕೊಂಡಿತ್ತು.

ಮರುದಿನ ಭಾವ ಹಿತ್ತಲಿಗೆ ಹೋದ ಹೊತ್ತು ನೋಡಿ, ಅಕ್ಕ ಹಲಗೆಯ ಮೇಲಿಂದ ಅವರದೇ ಒಂದು ಪ್ಯಾಂಟನ್ನು ನನ್ನ ಕಡೆ ಎಸೆದಳು. "ಸೊಂಟಪಟ್ಟಿ ಒಳಗೆ ನೋಡೋ."

ಒಳಮಗ್ಗುಲು ತಿರುವಿ ಬೆಳಕಿಗೆ ಹಿಡಿದೆ. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ. ಒಂದರ ಪಕ್ಕ ಒಂದು, ಮೂರು ಸಾಲು ಹಳೆಯ ತೂತು, ನಾಲ್ಕನೆಯದು ಈಗಿನ ಹೊಲಿಗೆ. ಟೇಪು ಇಟ್ಟೆ. ಮೂವತ್ತಾರು, ಮೂವತ್ತನಾಲ್ಕೂವರೆ, ಮೂವತ್ತಮೂರು, ಮೂವತ್ತೆರಡು. ನಾಲ್ಕು ಅಳತೆ. ನನಗೆ ವಕೀಲರ ಕೋಟು ನೆನಪಾಯಿತು. ಹೊಟ್ಟೆಕಿಚ್ಚು ಪಟ್ಟದ್ದಕ್ಕೆ, ಸೂಜಿ ಪೋಣಿಸಿ ಮೆರೆದದ್ದಕ್ಕೆ ನಾಚಿಕೆಯೂ ಆಯಿತು.

"ಈಗೇನು ಮಾಡ್ತೀಯಕ್ಕ? ಕೈಕಾಲು ಕಟ್ಟಿ ಎತ್ಕೊಂಡು ಹೋಗೋಣ್ವಾ?"

"ಬೇಡ. ಅವರ ಬಾಯಲ್ಲೇ ಹೇಳಿಸ್ತೀನಿ," ಎಂದು ಅವಳು ಅಳತೆ ಪುಸ್ತಕದಲ್ಲಿ ಹೊಸ ಪುಟ ತೆಗೆದಳು. ಹೆಸರಿನ ಜಾಗದಲ್ಲಿ ಗೋದಾಮಿನ ಯಜಮಾನರು ಎಂದು ಬರೆದಳು. ನಮ್ಮ ಬೀದಿಯಲ್ಲಿ ಗೋದಾಮೂ ಇಲ್ಲ, ಯಜಮಾನರೂ ಇಲ್ಲ. ಕೆಳಗೆ ಆ ನಾಲ್ಕು ಅಳತೆ, ಪಕ್ಕದಲ್ಲಿ ಅಂದಾಜಿನ ತಾರೀಖು.

ಭಾವ ಬಂದು ಕೂತರು. ಅಕ್ಕ ಏನೂ ಅರಿಯದವಳ ಹಾಗೆ ಗುಂಡಿಯ ಕಾಜ ಹೊಲಿಯುತ್ತ, "ರೀ, ಗೋದಾಮಿನ ಯಜಮಾನರು ಮತ್ತೆ ಪ್ಯಾಂಟು ಕಳಿಸಿದ್ದಾರೆ. ಇನ್ನೊಂದು ಇಂಚು ಹಿಡೀಬೇಕಂತೆ. ಹಿಡಿಯೋದಾ?" ಎಂದಳು.

"ಯಾರವರು?"

"ಪುಟ ನೋಡಿ."

ಭಾವ ಪುಸ್ತಕವನ್ನು ಕೈ ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದರು. ಅಕ್ಕ ಬೇಕೆಂದೇ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ನಾನು ಹಲಗೆಗೆ ಕಿವಿ ಆನಿಸಿ ನಿಂತಿದ್ದೆ.

"ಏನಿದು? ಹತ್ತು ತಿಂಗಳಲ್ಲಿ ಮೂವತ್ತಾರರಿಂದ ಮೂವತ್ತೆರಡಾ?" ದನಿ ಏರಿತು. "ಅವನಿಗೆ ಬುದ್ಧಿ ಇದ್ಯಾ? ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ? ಕ್ಲಿನಿಕ್ಕಿಗೆ ಹೋಗಿ ಚೀಟಿ ತರೋವರೆಗೂ ಈ ಪ್ಯಾಂಟು ನಾನು ಮುಟ್ಟಲ್ಲ ಅಂತ ಹೇಳು!"

"ಹೇಳಿದೆ," ಎಂದಳು ಅಕ್ಕ. "ಎದ್ದೇಳಿ. ಪ್ಯಾಂಟು ನಿಮ್ದು."

ಭಾವನನ್ನು ನಲವತ್ತು ಸಲ ಸುಮ್ಮನಾಗಿಸಲು ಹೋಗಿ ಸೋತವನು ನಾನು. ಅಕ್ಕ ಒಂದೇ ಪುಟದಲ್ಲಿ ಮುಗಿಸಿದಳು. ಕೊನೆಗೆ ಮಿಷನ್ನಿನ ಮೇಲೆ ಟೇಪು ಇಟ್ಟ ಸದ್ದು, ಚಪ್ಪಲಿ ಮೆಟ್ಟಿದ ಸದ್ದು. ನಾನು ಎರಡೂ ಅಂಗಡಿಯ ಬಾಗಿಲೆಳೆದು ಹಿಂದೆ ಓಡಿದೆ.

ಡಾಕ್ಟರಮ್ಮ ಭಾವನನ್ನು ನೋಡಿ, "ಓ, ಎಷ್ಟೋ ಜನರನ್ನ ಕಳಿಸಿದ್ದೀರಿ, ಇವತ್ತು ನೀವೇ ಬಂದ್ರಾ?" ಎಂದು ನಕ್ಕರು. ಬೆರಳು ಚುಚ್ಚಿ ನೋಡಿದ ಮೇಲೆ ನಗು ನಿಂತಿತು. ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಇರಬೇಕಾದ್ದಕ್ಕಿಂತ ಮೂರು ಪಟ್ಟು. ಯಾವಾಗಿನಿಂದ ತೂಕ ಇಳಿಯುತ್ತಿದೆ ಎಂದು ಕೇಳಿದರು. ಭಾವ ತಲೆ ತಗ್ಗಿಸಿದರು. ಅಕ್ಕ ಅಳತೆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಡಾಕ್ಟರಮ್ಮ ಗೋದಾಮಿನ ಯಜಮಾನರ ಪುಟವನ್ನು ಎರಡು ಸಲ ಓದಿದರು.

"ವರ್ಷಕ್ಕೊಂದು ಸಲ ಬಂದಿದ್ರೆ, ಏರೋಕೆ ಶುರುವಾದಾಗಲೇ ಸಿಕ್ಕಿಬಿಡ್ತಿತ್ತು. ಊಟ, ನಡಿಗೆಯಲ್ಲೇ ತಡೆದು ನೋಡಬಹುದಿತ್ತು."

ಭಾವ ಬೇರೇನೂ ಕೇಳಲಿಲ್ಲ. "ನನಗೆ ಸೂಜಿಗೆ ದಾರ ಪೋಣಿಸೋಕೆ ಮತ್ತೆ ಆಗುತ್ತಾ?" ಎಂದರು. ಬೀದಿಗೆಲ್ಲ ಕೇಳುವ ಆ ಗಂಟಲಿನಿಂದ ಇಷ್ಟು ಸಣ್ಣ ದನಿ ಬರುವುದೆಂದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು. ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಪಟ ಓದುವವನ ಹಾಗೆ ಆಚೆ ತಿರುಗಿಕೊಂಡೆ.

ಕಣ್ಣಿನ ಡಾಕ್ಟರ ಬಳಿಗೂ ಕಳಿಸಿದರು. ಕಣ್ಣಿನ ಹಿಂಭಾಗದಲ್ಲಿ ಸಣ್ಣ ಚುಕ್ಕೆಗಳು ಶುರುವಾಗಿದ್ದವು. ಸಕ್ಕರೆ ಹಿಡಿತಕ್ಕೆ ಬಂದರೆ ಮಸುಕು ತಿಳಿಯಾಗುತ್ತದೆ, ಚುಕ್ಕೆಗಳು ಹೆಚ್ಚದ ಹಾಗೆ ವರ್ಷವರ್ಷ ನೋಡುತ್ತಿರಬೇಕು ಎಂದರು ಆ ಡಾಕ್ಟರು. ಇನ್ನೆರಡು ವರ್ಷ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೋ ಎಂದು ಅಕ್ಕ ಕೇಳಿದಳು. ಅವರು ಚೀಟಿ ಬರೆಯತೊಡಗಿದರು.

ಮಾತ್ರೆ, ಬೆಳಗಿನ ನಡಿಗೆ, ತಟ್ಟೆಯಲ್ಲಿ ಅರ್ಧಕ್ಕರ್ಧ ತರಕಾರಿ. ಮೂರು ತಿಂಗಳು ಭಾವ ಸಿಡಿಮಿಡಿ ಅನ್ನುತ್ತಲೇ ಎಲ್ಲ ಮಾಡಿದರು. ಅಷ್ಟು ದಿನ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟವನು ನಾನು. ಒಂದು ಬೆಳಿಗ್ಗೆ ಹಲಗೆಯ ಮೇಲಿಂದ ಒಂದು ಕೈ ಬಂತು. ಕೈಯಲ್ಲಿ ಸೂಜಿ, ಸೂಜಿಯಲ್ಲಿ ದಾರ.

"ಯಾರು ಪೋಣಿಸಿದ್ದು ಹೇಳು?"

"ಅಕ್ಕ."

"ನಿನ್ನ ತಲೆ! ನಾನು. ಒಂದೇ ಏಟಿಗೆ. ನಿನ್ನ ದಾರ ಈಗ ಪರವಾಗಿಲ್ಲ."

ಅಂದೇ ಅವರು ಅಳತೆ ಪುಸ್ತಕ ಇಸಿದುಕೊಂಡು, ಗೋದಾಮಿನ ಯಜಮಾನರನ್ನು ಹೊಡೆದುಹಾಕಿ ತಮ್ಮ ಹೆಸರು ಬರೆದರು. ಬರೆದವರು ಸುಮ್ಮನೆ ಹಿಂದಿನ ಪುಟಗಳನ್ನು ತಿರುವುತ್ತ ಹೋದರು. ಮೂವತ್ತು ವರ್ಷ, ಪ್ರತಿ ಪುಟದಲ್ಲೂ ಅಕ್ಕನ ಅಕ್ಷರ. ತಿರುವುತ್ತ ತಿರುವುತ್ತ ಕೈ ನಿಂತಿತು.

"ಲೇ, ನಿನ್ನ ಪುಟ ಎಲ್ಲೇ?"

"ನನಗ್ಯಾಕೆ ಪುಟ? ನನ್ನ ಬಟ್ಟೆ ನಾನೇ ಹೊಲ್ಕೋತೀನಿ."

"ಕ್ಲಿನಿಕ್ಕಿಗೆ ಯಾವತ್ತು ಹೋಗಿದ್ದೆ?"

"ನಿಮ್ಮ ಜೊತೆ ಹೋಗಿದ್ನಲ್ಲ."

"ನಿನ್ನನ್ನ ತೋರಿಸ್ಕೊಳ್ಳೋಕೆ?"

"ನನಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ," ಎಂದಳು ಅಕ್ಕ. ಅಂದವಳೇ ತುಟಿ ಕಚ್ಚಿಕೊಂಡಳು. ಆ ಮಾತು ಎಲ್ಲಿ ಕೇಳಿದ್ದು ಎಂದು ಮೂವರಿಗೂ ಗೊತ್ತಿತ್ತು. ನಾನು ಈ ಕಡೆಯಿಂದ ಹಲಗೆ ತಟ್ಟಿ ನಕ್ಕೆ.

ಭಾವ ನಗಲಿಲ್ಲ. ಅಕ್ಕನ ಕೈಯಿಂದ ಕಾಜದ ಬಟ್ಟೆ ಇಸಿದು ಪಕ್ಕಕ್ಕಿಟ್ಟು, ಅವಳ ಚಪ್ಪಲಿಯನ್ನು ತಾವೇ ತಂದು ಮುಂದೆ ಜೋಡಿಸಿದರು. ಕ್ಲಿನಿಕ್ಕಿನಲ್ಲಿ ನರ್ಸಮ್ಮ ಅಕ್ಕನ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದರು. ಸ್ವಲ್ಪ ಹೊತ್ತು ಕೂರಿಸಿ ಮತ್ತೊಂದು ಸಲ ನೋಡಿದರು. ಆಮೇಲೆ ಎದ್ದು ಹೋಗಿ ಡಾಕ್ಟರಮ್ಮನನ್ನೇ ಕರೆದರು. ನನಗಿಂತ ಹೆಚ್ಚಿತ್ತು. ಅಷ್ಟು ವರ್ಷ ಅವಳು ಎಲ್ಲರದ್ದೂ ಬರೆದಿದ್ದಳು. ಅವಳದ್ದನ್ನು ಬರೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳ ಒಡಹುಟ್ಟಿದ ನನಗೂ ಹೊಳೆದಿರಲಿಲ್ಲ.

ಅಂಗಡಿಗೆ ಬಂದ ಮೇಲೆ ಭಾವ ಹೊಸ ಪುಟ ತೆಗೆದು ಅಕ್ಕನ ಹೆಸರು ಬರೆದು, ಅಂದಿನ ತಾರೀಖಿನ ಮುಂದೆ ಒತ್ತಡದ ಅಂಕಿ ಬರೆದರು. ಬರವಣಿಗೆ ಸೊಟ್ಟಸೊಟ್ಟ. ಆಮೇಲೆ ಸ್ಕೇಲಿಟ್ಟು ಕೆಳಗೆ ಗೆರೆ ಎಳೆಯುತ್ತ ಕೂತರು, ವರ್ಷಕ್ಕೊಂದರಂತೆ. ಅಕ್ಕ ಬಗ್ಗಿ ನೋಡಿ ಎಣಿಸಿದಳು.

"ಇಪ್ಪತ್ತಾ? ಇನ್ನೂ ಇಪ್ಪತ್ತು ವರ್ಷ ನಿಮ್ಮ ಜೊತೆ ಏಗಬೇಕಾ ನಾನು?"

"ಸಾಲದಿದ್ರೆ ಹೇಳು," ಎಂದರು ಭಾವ, ತಲೆ ಎತ್ತದೆ. "ಪುಟದ ಹಿಂದುಗಡೆ ಖಾಲಿ ಇದೆ."